ಆಕಾಶದಲ್ಲಿ ಎಂಜಿನ್ ನಿಂತಾಗ

2015ರ ಮಾರ್ಚ್ 5, ಗುರುವಾರ. ಅಮೆರಿಕದ ಲಾಸ್ ಏಂಜಲೀಸ್ ಪಕ್ಕದ ಸಾಂಟಾ ಮೋನಿಕಾದಲ್ಲಿ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಅಲ್ಲಿನ ಸಣ್ಣ ವಿಮಾನ ನಿಲ್ದಾಣದಿಂದ ಬೆಳ್ಳಿ ಮೈಯ ಹಳೆಯ ವಿಮಾನವೊಂದು ಮೇಲಕ್ಕೆದ್ದಿತು. ಅದರಲ್ಲಿ ಇದ್ದದ್ದು ಒಂದರ ಹಿಂದೆ ಒಂದರಂತೆ ಎರಡೇ ಸೀಟು. ತಲೆಯ ಮೇಲೆ ಮುಚ್ಚಿಗೆಯೂ ಇರಲಿಲ್ಲ. ಒಳಗೆ ಕುಳಿತಿದ್ದವರು ಒಬ್ಬರೇ, ವಯಸ್ಸು 72.

ವಿಮಾನ ನೆಲದಿಂದ ಸುಮಾರು 900 ಅಡಿ ಏರಿತ್ತು. ನಮ್ಮ ಜೋಗದ ಜಲಪಾತ 830 ಅಡಿ. ಅದಕ್ಕಿಂತ ತುಸು ಹೆಚ್ಚಿನ ಎತ್ತರ ಅಂದುಕೊಳ್ಳಿ. ಅಷ್ಟರಲ್ಲಿ ಎಂಜಿನ್ ಕೈಕೊಟ್ಟಿತು. ಕೆಳಗೆ ಒತ್ತೊತ್ತಾಗಿ ಮನೆಗಳು, ರಸ್ತೆಗಳು, ಓಡಾಡುವ ಜನ. ಸ್ವಲ್ಪ ದೂರದಲ್ಲಿ ಪೆಸಿಫಿಕ್ ಸಾಗರ.

ಆ ಪೈಲಟ್ ಬೇರೆ ಯಾರೂ ಅಲ್ಲ, ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್. 'ಸ್ಟಾರ್ ವಾರ್ಸ್' ಚಿತ್ರಗಳಲ್ಲಿ ಅಂತರಿಕ್ಷ ನೌಕೆ ಹಾರಿಸುವ ಹಾನ್ ಸೋಲೊ, ಚಾವಟಿ ಹಿಡಿದು ನಿಧಿ ಹುಡುಕುವ ಇಂಡಿಯಾನಾ ಜೋನ್ಸ್ ಎಂದರೆ ಮನೆಯಲ್ಲಿ ಯಾರಿಗಾದರೂ ನೆನಪಾದೀತು. ಸಿನಿಮಾದಲ್ಲಿ ಎಂಥ ಅಪಾಯದಿಂದಲೂ ಟೋಪಿ ಸರಿಮಾಡಿಕೊಂಡು ಎದ್ದು ಬರುವ ನಾಯಕ ಅವರು. ಈ ಸಲ ಮಾತ್ರ ಕ್ಯಾಮೆರಾ ಇರಲಿಲ್ಲ, ಇನ್ನೊಂದು ಟೇಕ್ ಕೂಡ ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಹೆಚ್ಚೆಂದರೆ ಒಂದು ನಿಮಿಷದಷ್ಟು ಹೊತ್ತು.

ಆ ಒಂದು ನಿಮಿಷದಲ್ಲಿ ಏನಾಯಿತು, ಅವರು ಹೇಗೆ ಬದುಕಿಕೊಂಡರು ಎಂಬುದು ತಿಳಿಯಬೇಕಾದರೆ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ವಿಮಾನ ಹತ್ತಿದ ಪ್ರತಿ ಮಗುವೂ, ಮಗು ಏಕೆ, ಮೊದಲ ಸಲ ಹತ್ತಿದ ಪ್ರತಿ ಅಜ್ಜಿಯೂ ಮನಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆ ಅದು.

ಎಂಜಿನ್ ನಿಂತರೆ ವಿಮಾನ ಬಿದ್ದೇಹೋಗುತ್ತದೆಯೇ?

ಇಲ್ಲ. ಕಲ್ಲು ಬಿದ್ದಂತೆ ಬೀಳುವುದಿಲ್ಲ.

ವಿಮಾನವನ್ನು ಮೇಲೆ ಹಿಡಿದಿಡುವುದು ಎಂಜಿನ್ ಅಲ್ಲ, ರೆಕ್ಕೆ. ರೆಕ್ಕೆಯ ಸುತ್ತ ಗಾಳಿ ರಭಸವಾಗಿ ಹರಿಯುತ್ತಿದ್ದರೆ ಅದು ವಿಮಾನವನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಗಾಳಿ ಹಾಗೆ ಹರಿಯಬೇಕಾದರೆ ವಿಮಾನ ಮುಂದಕ್ಕೆ ನುಗ್ಗುತ್ತಲೇ ಇರಬೇಕು. ಎಂಜಿನ್ನಿನ ಕೆಲಸ ಆ ಮುನ್ನುಗ್ಗುವ ಬಲವನ್ನು ಕೊಡುವುದಷ್ಟೇ.

ಹಾಗಾದರೆ ಎಂಜಿನ್ ನಿಂತಾಗ ಮುಂದಕ್ಕೆ ತಳ್ಳುವವರು ಯಾರು? ಸೈಕಲ್ ಓಡಿಸುವ ಮಕ್ಕಳಿಗೆ ಉತ್ತರ ಗೊತ್ತಿದೆ. ಇಳಿಜಾರಿನಲ್ಲಿ ಪೆಡಲ್ ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ ಓಡುತ್ತಲೇ ಇರುತ್ತದೆ. ಭೂಮಿಯ ಸೆಳೆತವೇ ಅದನ್ನು ಓಡಿಸುತ್ತದೆ. ವಿಮಾನವೂ ಹಾಗೆಯೇ. ಮೂಗನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದರೆ ಅದು ಗಾಳಿಯಲ್ಲೇ ಒಂದು ಇಳಿಜಾರು ಮಾಡಿಕೊಂಡು ಜಾರುತ್ತ ಸಾಗುತ್ತದೆ. ಎತ್ತರವೇ ಅದರ ಪೆಟ್ರೋಲು. ಎತ್ತರ ಮುಗಿಯುವತನಕ ಹಾರಾಟ ಮುಗಿಯುವುದಿಲ್ಲ.

ಮಲೆನಾಡಿನ ಅಡಿಕೆ ತೋಟಗಳಲ್ಲಿ ಹಾರುವ ಓತಿಯನ್ನು ನೋಡಿದವರುಂಟು. ತೇಜಸ್ವಿಯವರ 'ಕರ್ವಾಲೊ' ಓದಿದವರಿಗಂತೂ ಅದು ಹಳೆಯ ಪರಿಚಯ. ಅದಕ್ಕೆ ಹಕ್ಕಿಯ ಹಾಗೆ ರೆಕ್ಕೆ ಬಡಿಯಲು ಬರುವುದಿಲ್ಲ. ಪಕ್ಕೆಯ ಚರ್ಮವನ್ನು ಬಿಡಿಸಿಕೊಂಡು ಒಂದು ಮರದಿಂದ ಇನ್ನೊಂದು ಮರಕ್ಕೆ ತೇಲಿ ಹೋಗುತ್ತದೆ. ಹೊರಟ ಜಾಗಕ್ಕಿಂತ ತಲುಪುವ ಜಾಗ ಕೆಳಗಿರುತ್ತದೆ, ಅಷ್ಟೇ. ಎಂಜಿನ್ ನಿಂತ ವಿಮಾನ ಎಂದರೆ ಒಂದು ದೊಡ್ಡ ಹಾರುವ ಓತಿ!

ಇದಕ್ಕೊಂದು ಲೆಕ್ಕವೂ ಇದೆ. ಪೈಲಟ್ ತರಬೇತಿಯಲ್ಲಿ ಜಗತ್ತಿನ ಎಲ್ಲ ಕಡೆ ಕಾಣುವ ಸೆಸ್ನಾ 172 ಎಂಬ ಸಣ್ಣ ವಿಮಾನ, ಎಂಜಿನ್ ಇಲ್ಲದೆ 1 ಅಡಿ ಇಳಿಯುವಷ್ಟರಲ್ಲಿ ಸುಮಾರು 9 ಅಡಿ ಮುಂದಕ್ಕೆ ಹೋಗುತ್ತದೆ. ಜೋಗದ ನೆತ್ತಿಯಷ್ಟು ಎತ್ತರದಲ್ಲಿ ಎಂಜಿನ್ ನಿಂತರೆ ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು ದೂರ ಸಾಗಬಹುದು. ಆದರೆ ಫೋರ್ಡ್ ಹಾರಿಸುತ್ತಿದ್ದ ವಿಮಾನ ಇನ್ನೂ ಹಳೆಯ ಕಾಲದ್ದು. ರೆಕ್ಕೆಗಳನ್ನು ಬಿಗಿದು ಕಟ್ಟಿದ ತಂತಿಗಳು, ಒಳಕ್ಕೆ ಮಡಚಲಾಗದ ಚಕ್ರಗಳು, ಗಾಳಿಗೆ ಮೈಯೊಡ್ಡಿ ನಿಂತ ಸಿಲಿಂಡರುಗಳು ಎಲ್ಲವೂ ಗಾಳಿಯನ್ನು ತಡೆಯುತ್ತವೆ. ಇಂಥ ವಿಮಾನ ಹೆಚ್ಚು ದೂರ ತೇಲಲಾರದು.

ಓರಗೆಯ ವಿಮಾನ

ಆ ವಿಮಾನದ ಹೆಸರು ರಯಾನ್ ಪಿಟಿ-22. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗೆ ಸೇರಿದ ಹುಡುಗರಿಗೆ ಹಾರಾಟ ಕಲಿಸಲು ತಯಾರಾದದ್ದು. 5 ಸಿಲಿಂಡರಿನ, 160 ಅಶ್ವಶಕ್ತಿಯ ಎಂಜಿನ್. ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸಿ 1951ರಲ್ಲಿ ಮೊದಲು ಹಾರಿಸಿದ ಎಚ್‌ಟಿ-2 ಕೂಡ ಹೀಗೆಯೇ ಎರಡು ಸೀಟಿನ ತರಬೇತಿ ವಿಮಾನ. ಹಿರಿಯರಲ್ಲಿ ಕೆಲವರಿಗೆ ಅದರ ನೆನಪಿದ್ದೀತು.

ಫೋರ್ಡ್ ಹುಟ್ಟಿದ್ದು 1942ರಲ್ಲಿ. ಅವರ ಆ ವಿಮಾನ ಕಾರ್ಖಾನೆಯಿಂದ ಹೊರಬಂದದ್ದೂ 1942ರಲ್ಲೇ. ಇಬ್ಬರೂ ಓರಗೆಯವರು! ಐವತ್ತು ದಾಟಿದ ಮೇಲೆ ಹಾರಾಟ ಕಲಿತು ಪೈಲಟ್ ಆದವರು ಫೋರ್ಡ್. ಬೆಟ್ಟದಲ್ಲಿ ಸಿಕ್ಕಿಬಿದ್ದ ಚಾರಣಿಗರನ್ನು ತಮ್ಮ ಹೆಲಿಕಾಪ್ಟರಿನಲ್ಲಿ ಹೋಗಿ ಕರೆತಂದದ್ದೂ ಉಂಟು. ಸಾಂಟಾ ಮೋನಿಕಾ ಅವರಿಗೆ ಮನೆಯಂಗಳದಂಥ ನಿಲ್ದಾಣ. ನಮ್ಮ ಹಿರಿಯರು ಡಕೋಟಾ ಎಂದು ಕರೆಯುತ್ತಿದ್ದ ಡಿಸಿ-3 ವಿಮಾನ 1935ರಲ್ಲಿ ಮೊದಲು ಹಾರಿದ್ದು ಇದೇ ನೆಲದಿಂದ. ಕಾಲ ಕಳೆದಂತೆ ನಿಲ್ದಾಣದ ಸುತ್ತ ಮನೆಗಳು ಬೆಳೆದವು. ಖಾಲಿ ಜಾಗ ಎಂದು ಉಳಿದದ್ದು ರನ್‌ವೇಯ ಒಂದು ತುದಿಯಾಚೆ ಇರುವ ಪೆನ್‌ಮಾರ್ ಎಂಬ ಗಾಲ್ಫ್ ಮೈದಾನ.

ಕೈ ಹೇಳುವುದೊಂದು, ವಿಮಾನ ಕೇಳುವುದೊಂದು

ಎಂಜಿನ್ ನಿಂತ ಕೂಡಲೇ ಮನುಷ್ಯನ ಕೈಗೆ ಎರಡು ಆಸೆ ಹುಟ್ಟುತ್ತದೆ. ಎರಡೂ ಅಪಾಯದವು.

ಮೊದಲನೆಯದು, ಮೂಗನ್ನು ಮೇಲೆತ್ತುವ ಆಸೆ. ನೆಲ ಹತ್ತಿರವಾಗುತ್ತಿದೆ ಎಂದರೆ ಯಾರಿಗಾದರೂ ಮೇಲಕ್ಕೆ ಎಳೆಯಬೇಕು ಅನ್ನಿಸುತ್ತದೆ. ಹಾಗೆ ಎಳೆದರೆ ವಿಮಾನದ ವೇಗ ಕುಗ್ಗುತ್ತದೆ. ಕುಗ್ಗಿ ಕುಗ್ಗಿ, ರೆಕ್ಕೆಗೆ ಅಂಟಿಕೊಂಡಂತೆ ಹರಿಯುತ್ತಿದ್ದ ಗಾಳಿ ಒಮ್ಮೆಲೇ ಚದುರಿಹೋಗುತ್ತದೆ. ಇದನ್ನು ಪೈಲಟ್‌ಗಳು 'ಸ್ಟಾಲ್' ಎನ್ನುತ್ತಾರೆ. ಆಗ ಮಾತ್ರ ವಿಮಾನ ನಿಜಕ್ಕೂ ಬೀಳುತ್ತದೆ. ಬೀಳಬಾರದೆಂದು ಮೇಲಕ್ಕೆ ಎಳೆದದ್ದೇ ಬೀಳಲು ಕಾರಣವಾಗುತ್ತದೆ! ಅದಕ್ಕೇ ಎಂಜಿನ್ ನಿಂತಾಗ ಮಾಡಬೇಕಾದ ಮೊದಲ ಕೆಲಸ, ಧೈರ್ಯ ಮಾಡಿ ಮೂಗನ್ನು ಕೆಳಗಿಳಿಸಿ ವೇಗ ಉಳಿಸಿಕೊಳ್ಳುವುದು.

ಎರಡನೆಯದು, ಹೊರಟ ಜಾಗಕ್ಕೇ ವಾಪಸಾಗುವ ಆಸೆ. ರನ್‌ವೇ ಬೆನ್ನ ಹಿಂದೆಯೇ ಇದೆಯಲ್ಲ, ತಿರುಗಿಸಿಕೊಂಡು ಇಳಿದುಬಿಟ್ಟರಾಯಿತು ಅನ್ನಿಸುತ್ತದೆ. ಆದರೆ ವಿಮಾನ ಆಟೋರಿಕ್ಷಾದಂತೆ ನಿಂತಲ್ಲೇ ತಿರುಗುವುದಿಲ್ಲ. ತಿರುಗಬೇಕಾದರೆ ಒಂದು ಪಕ್ಕಕ್ಕೆ ವಾಲಬೇಕು. ವಾಲಿದಾಗ ಎತ್ತರ ಬೇಗ ಬೇಗ ಕರಗುತ್ತದೆ, ಸ್ಟಾಲ್ ಆಗುವ ಅಪಾಯವೂ ಹೆಚ್ಚುತ್ತದೆ. ಅರ್ಧ ಸುತ್ತು ತಿರುಗಿದರೂ ವಿಮಾನ ರನ್‌ವೇಯ ಪಕ್ಕಕ್ಕೆ ಎಲ್ಲೋ ಸರಿದಿರುತ್ತದೆ. ಅದರ ನೇರಕ್ಕೆ ಬರಲು ಇನ್ನೂ ತಿರುಗಬೇಕು. ಆದ್ದರಿಂದ ತೀರ ಕಡಿಮೆ ಎತ್ತರದಲ್ಲಿ ಹಿಂದಕ್ಕೆ ತಿರುಗುವುದನ್ನು ಪೈಲಟ್‌ಗಳು 'ಅಸಾಧ್ಯ ತಿರುವು' ಎಂದೇ ಕರೆಯುತ್ತಾರೆ. ಎತ್ತರ ಸಾಕಷ್ಟಿದ್ದರೆ ಅದು ಸಾಧ್ಯ. ಆದರೆ ಎಷ್ಟಿದ್ದರೆ ಸಾಕು ಎಂಬುದು ವಿಮಾನ, ಗಾಳಿ, ಪೈಲಟ್‌ನ ಅಭ್ಯಾಸ ಎಲ್ಲದರ ಮೇಲೆ ನಿಂತಿದೆ.

ಆ ಒಂದು ನಿಮಿಷ

ಫೋರ್ಡ್ ಮೊದಲು ವೇಗ ಕಾಪಾಡಿಕೊಂಡರು. ಗಂಟೆಗೆ 85 ಮೈಲಿ, ಅಂದರೆ ಸುಮಾರು 137 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಲೇ ಎಂಜಿನ್ನನ್ನು ಮತ್ತೆ ಚಾಲೂ ಮಾಡಲು ನೋಡಿದರು. ಅದು ಓಗೊಡಲಿಲ್ಲ. ಎಂಜಿನ್ ಕೈಕೊಟ್ಟಿದೆ, ಕೂಡಲೇ ವಾಪಸು ಬರುತ್ತಿದ್ದೇನೆ ಎಂದು ನಿಲ್ದಾಣದ ಗೋಪುರಕ್ಕೆ ರೇಡಿಯೋದಲ್ಲಿ ತಿಳಿಸಿದರು. ಎಡಕ್ಕೆ ತಿರುಗಿಸಿದರು.

ರನ್‌ವೇಯತ್ತ ಬರುತ್ತಿರುವಾಗ ಅವರಿಗೆ ಗೊತ್ತಾಯಿತು: ಅಲ್ಲಿಯವರೆಗೆ ತಲುಪುವಷ್ಟು ಎತ್ತರ ಉಳಿದಿಲ್ಲ.

ಅಲ್ಲಿ ಆಸೆಯ ಮಾತು ಕೇಳಿ ಮೂಗು ಎತ್ತಿದ್ದರೆ ಕಥೆ ಮನೆಗಳ ಮೇಲೆ ಮುಗಿಯುತ್ತಿತ್ತೇನೋ. ವಿಮಾನ ಗಾಲ್ಫ್ ಮೈದಾನದ ಕಡೆಗೆ ಇಳಿಯಿತು. ಸುಮಾರು 65 ಅಡಿ ಎತ್ತರದ ಮರವೊಂದರ ತುದಿಗೆ ತಗುಲಿ, ಅದರಾಚೆಯ ಬಯಲಿಗೆ ಅಪ್ಪಳಿಸಿತು. ರನ್‌ವೇಯ ತುದಿ ಅಲ್ಲಿಂದ ಸುಮಾರು 800 ಅಡಿ ದೂರದಲ್ಲಿತ್ತು.

ಗಾಲ್ಫ್ ಆಡುತ್ತಿದ್ದವರು ಓಡಿಬಂದರು. ಅವರಲ್ಲಿ ಒಬ್ಬ ವೈದ್ಯರೂ ಇದ್ದರು. ಪೆಟ್ರೋಲ್ ಸೋರಿ ಬೆಂಕಿ ಹೊತ್ತಿಕೊಂಡೀತೆಂಬ ಭಯದಲ್ಲಿ ಎಚ್ಚರಿಕೆಯಿಂದ ಅವರನ್ನು ಹೊರಕ್ಕೆ ತಂದು ಮಲಗಿಸಿದರು. ಸೊಂಟದ ಮೂಳೆ, ಕಾಲಿನ ಹರಡು ಮುರಿದಿತ್ತು. ತಲೆಗೂ ಪೆಟ್ಟಾಗಿತ್ತು. ಜೀವ ಉಳಿದಿತ್ತು. ನೆಲದ ಮೇಲೆ ಇದ್ದ ಯಾರಿಗೂ ಒಂದು ಗೀರು ಗಾಯವೂ ಆಗಿರಲಿಲ್ಲ. ಎಂಜಿನ್ ನಿಂತದ್ದು, ಗೋಪುರಕ್ಕೆ ಹೇಳಿದ್ದು ನೆನಪಿದೆ, ಬಿದ್ದದ್ದು ಮಾತ್ರ ನೆನಪಿಲ್ಲ ಎಂದು ಫೋರ್ಡ್ ಆಮೇಲೆ ಸಂದರ್ಶನಗಳಲ್ಲಿ ಹೇಳಿಕೊಂಡರು.

ಅಜ್ಜನ ಸ್ಕೂಟರಿಗೆ ಗೊತ್ತಿದ್ದ ಗುಟ್ಟು

ಸರಿ, ಎಂಜಿನ್ ನಿಂತದ್ದಾದರೂ ಏಕೆ? ಅಮೆರಿಕದಲ್ಲಿ ಇಂಥ ಅಪಘಾತಗಳ ತನಿಖೆ ಮಾಡುವುದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ. ಈ ತನಿಖೆಯ ಉದ್ದೇಶ ಯಾರಿಗೋ ಶಿಕ್ಷೆ ಕೊಡಿಸುವುದಲ್ಲ. ಮುಂದೆ ಇನ್ನೊಬ್ಬರಿಗೆ ಹೀಗಾಗದಂತೆ ಕಾರಣ ಹುಡುಕುವುದು. ಅವರು ಎಂಜಿನ್ ಬಿಚ್ಚಿ ನೋಡಿದಾಗ ಸಿಕ್ಕಿದ್ದು ಕಾರ್ಬುರೇಟರಿನೊಳಗಿನ ಒಂದು ಪುಟ್ಟ ಬಿಡಿಭಾಗ. ಅದರ ಹೆಸರು ಮೇನ್ ಜೆಟ್.

ಹಳೆಯ ಸ್ಕೂಟರ್ ಇಟ್ಟುಕೊಂಡಿದ್ದ ಅಜ್ಜಂದಿರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಬೆಳಿಗ್ಗೆ ಎಷ್ಟು ಒದ್ದರೂ ಸ್ಕೂಟರ್ ಚಾಲೂ ಆಗದಿದ್ದರೆ ಮೆಕ್ಯಾನಿಕ್ ಬಂದು ಕಾರ್ಬುರೇಟರ್ ಬಿಚ್ಚಿ, ಬೆರಳ ತುದಿಯಲ್ಲಿ ನಿಲ್ಲುವಂಥ ಒಂದು ಸ್ಕ್ರೂ ತೆಗೆದು, ಬಾಯಿಂದ ಊದಿ ಮತ್ತೆ ಹಾಕುತ್ತಿದ್ದ. ನಡುವೆ ಸೂಜಿಮೊನೆಯಂಥ ತೂತಿರುವ ಆ ಸ್ಕ್ರೂ ಜೆಟ್. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕೆಂದು ಅಳೆದು ಬಿಡುವ ಬಾಗಿಲು ಅದು.

ಎಂಜಿನ್ ಓಡಲು ಪೆಟ್ರೋಲ್ ಮತ್ತು ಗಾಳಿ ಹದವಾಗಿ ಬೆರೆಯಬೇಕು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ. ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ನಿಲ್ಲುತ್ತದೆ! ಒಲೆಯ ಬಾಯಿಗೆ ಕಂಠಮಟ್ಟ ಸೌದೆ ತುರುಕಿದರೆ ಏನಾಗುತ್ತದೆ ಎಂದು ಅಜ್ಜಿಯನ್ನು ಕೇಳಿ. ಉರಿ ದೊಡ್ಡದಾಗುವುದಿಲ್ಲ. ಗಾಳಿಯಾಡದೆ ಬರೀ ಹೊಗೆಯೆದ್ದು ಒಲೆ ಆರಿಹೋಗುತ್ತದೆ.

ಫೋರ್ಡ್ ಅವರ ವಿಮಾನದಲ್ಲಿ ಆದದ್ದು ಅದೇ. ಮೇನ್ ಜೆಟ್ ತನ್ನ ಜಾಗದಿಂದ ಸಡಿಲಗೊಂಡು ಕಳಚಿಕೊಂಡಿತ್ತು. ಅಳತೆಯ ಬಾಗಿಲು ತೆರೆದುಹೋಗಿ ಪೆಟ್ರೋಲ್ ಮಿತಿಮೀರಿ ನುಗ್ಗಿರಬೇಕು, ಅದರಿಂದಲೇ ಎಂಜಿನ್ ಶಕ್ತಿ ಕಳೆದುಕೊಂಡಿತು ಎಂದು ತನಿಖೆ ಹೇಳಿತು. ಆ ಕಾರ್ಬುರೇಟರನ್ನು ಬಿಚ್ಚಿ ಹೊಸದರಂತೆ ಮಾಡಿ ಕೂರಿಸಿದ್ದು ಅಪಘಾತಕ್ಕೆ ಸುಮಾರು 17 ವರ್ಷ ಮೊದಲು. ಜೆಟ್‌ಗಳನ್ನು ಆಗಾಗ ಪರೀಕ್ಷಿಸಬೇಕು ಎಂಬ ಸೂಚನೆ ಅದರ ನಿರ್ವಹಣೆಯ ಕಾಗದಗಳಲ್ಲಿ ಇರಲಿಲ್ಲ. ನೋಡಬೇಕಾದವುಗಳ ಪಟ್ಟಿಯಲ್ಲಿ ಹೆಸರೇ ಇಲ್ಲದ ವಸ್ತುವನ್ನು ನೋಡುವವರಾದರೂ ಯಾರು?

ತನಿಖೆಯಲ್ಲಿ ಇನ್ನೊಂದು ವಿಷಯವೂ ಹೊರಬಿತ್ತು. ಭುಜದ ಮೇಲಿಂದ ಬರುವ ಸೀಟ್‌ಬೆಲ್ಟನ್ನು ಸೀಟಿನ ಬೆನ್ನಿಗೆ ಸಾಕಷ್ಟು ಬಲಪಡಿಸದೆ ಜೋಡಿಸಲಾಗಿತ್ತು. ವಿಮಾನ ಅಪ್ಪಳಿಸಿದಾಗ ಅದು ಹಿಡಿದು ನಿಲ್ಲಲಿಲ್ಲ. ಗಾಯಗಳು ಅಷ್ಟು ಜೋರಾಗಲು ಅದೂ ಒಂದು ಕಾರಣ ಎಂದು ತನಿಖಾಧಿಕಾರಿಗಳು ಬರೆದರು. ಬೆಲ್ಟ್ ಹಾಕಿಕೊಂಡರಷ್ಟೇ ಸಾಲದು, ಅದನ್ನು ಗಟ್ಟಿಯಾಗಿ ಬಿಗಿದಿರಬೇಕು. ಶಾಲೆಯ ವ್ಯಾನಿಗೂ ಮನೆಯ ಕಾರಿಗೂ ಇದೇ ಮಾತು ಅನ್ವಯಿಸುತ್ತದೆ.

ತೀರ್ಮಾನ ಆಗುವುದು ನೆಲದ ಮೇಲೆ

ಒಂದು ನಿಮಿಷದಲ್ಲಿ ಯಾರೂ ಹೊಸದಾಗಿ ಯೋಚಿಸಿ ಗೆಲ್ಲಲಾರರು. ಪೈಲಟ್‌ಗಳು ಆ ಯೋಚನೆಯನ್ನು ಮೊದಲೇ ಮಾಡಿಟ್ಟುಕೊಂಡಿರುತ್ತಾರೆ. ನಮ್ಮ ಜಕ್ಕೂರಿನಲ್ಲಾಗಲಿ, ಕ್ಯಾಲಿಫೋರ್ನಿಯಾದಲ್ಲಾಗಲಿ, ಕಲಿಯುವ ಹುಡುಗ ಹುಡುಗಿಯರಿಗೆ ಈ ಪಾಠ ತಪ್ಪುವುದಿಲ್ಲ. ಹಾರುತ್ತಿರುವಾಗ ಪಕ್ಕದಲ್ಲಿ ಕುಳಿತ ಗುರು ಹೇಳದೆ ಕೇಳದೆ ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿ, ಈಗ ಎಂಜಿನ್ ನಿಂತಿದೆ, ಎಲ್ಲಿ ಇಳಿಸುತ್ತೀ ಎಂದು ಕೇಳುತ್ತಾರೆ.

ಅದಕ್ಕೊಂದು ಬಾಯಿಪಾಠವೂ ಇದೆ. ಮೊದಲು ವೇಗ, ಆಮೇಲೆ ಜಾಗ, ಅದಾದಮೇಲೆ ಪರೀಕ್ಷೆ. ಮೂಗು ಇಳಿಸಿ ವೇಗ ಹಿಡಿ. ಇಳಿಯಲು ತಕ್ಕ ಬಯಲು ಹುಡುಕು. ಹೊತ್ತು ಉಳಿದರೆ ಪೆಟ್ರೋಲ್ ಬಂದ್ ಆಗಿದೆಯೇ, ಸ್ವಿಚ್ ಸರಿಯಿದೆಯೇ ಎಂದು ನೋಡು. ಕೊಯ್ಲಾದ ಗದ್ದೆ ಆದೀತು. ಎತ್ತರವಾಗಿ ಬೆಳೆದ ಕಬ್ಬು ಬೇಡ. ಕರೆಂಟ್ ತಂತಿ ಇದೆಯೇ ಎಂದು ಕಣ್ಣಿಟ್ಟಿರು. ಅನುಭವಿ ಪೈಲಟ್‌ಗಳು ಪ್ರತಿ ಸಲ ಹೊರಡುವ ಮುಂಚೆ ತಮಗೆ ತಾವೇ ಹೇಳಿಕೊಳ್ಳುವುದುಂಟು: ಇಷ್ಟು ಎತ್ತರದೊಳಗೆ ಎಂಜಿನ್ ನಿಂತರೆ ನೇರ ಮುಂದಕ್ಕೇ ಇಳಿಯುತ್ತೇನೆ, ಹಿಂದೆ ತಿರುಗುವುದಿಲ್ಲ.

ನೆಲದ ಮೇಲಿನ ಇನ್ನೊಂದು ಕೆಲಸ ಪೆಟ್ರೋಲ್ ಪರೀಕ್ಷೆ. ಸಣ್ಣ ವಿಮಾನದ ರೆಕ್ಕೆಯಡಿಯ ತೊಟ್ಟಿಯಿಂದ ಒಂದಿಷ್ಟು ಪೆಟ್ರೋಲನ್ನು ಪಾರದರ್ಶಕ ಲೋಟಕ್ಕೆ ಬಸಿದು ಬೆಳಕಿಗೆ ಹಿಡಿದು ನೋಡುತ್ತಾರೆ. ನೀರು ಸೇರಿದ್ದರೆ ಅದು ತಳದಲ್ಲಿ ಗುಳ್ಳೆಯಾಗಿ ಕಾಣುತ್ತದೆ. ಎಂಜಿನ್ನಿನ ಪ್ರತಿ ಸಿಲಿಂಡರಿಗೆ ಒಂದಲ್ಲ, ಎರಡು ಸ್ಪಾರ್ಕ್ ಪ್ಲಗ್ ಇಟ್ಟಿರುತ್ತಾರೆ; ಒಂದು ಕೈಕೊಟ್ಟರೆ ಇನ್ನೊಂದಿದೆ ಎಂದು. ಎಷ್ಟು ಎಚ್ಚರ ವಹಿಸಿದರೂ ಒಂದು ಜೆಟ್ ಕಳಚಿಕೊಳ್ಳಬಹುದು. ಆಗ ಉಳಿಯುವುದು ಅಭ್ಯಾಸ ಒಂದೇ.

ದೊಡ್ಡ ವಿಮಾನಗಳಿಗೂ ಇದೇ ನಿಯಮ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳ ಹಿಂಡು ಬಡಿದು ಜೆಟ್ ವಿಮಾನವೊಂದರ ಎರಡೂ ಎಂಜಿನ್ ಶಕ್ತಿ ಕಳೆದುಕೊಂಡವು. ಹೊರಟ ನಿಲ್ದಾಣಕ್ಕೆ ಹಿಂದಿರುಗಿ ಎಂದು ವಾಯು ಸಂಚಾರ ನಿಯಂತ್ರಕರು ದಾರಿ ತೋರಿದರು. ಅಲ್ಲಿಗೆ ತಲುಪಲಾರೆ ಎಂದು ಕ್ಯಾಪ್ಟನ್ ಸುಲೆನ್‌ಬರ್ಗರ್ ಅವರಿಗೆ ಅನ್ನಿಸಿತು. ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. ಒಳಗಿದ್ದ 155 ಮಂದಿಯೂ ಬದುಕಿದರು. ಒಂದು ಪುಟ್ಟ ವಿಮಾನ, ಒಂದು ದೊಡ್ಡ ವಿಮಾನ. ಎರಡೂ ಕಡೆ ಜೀವ ಉಳಿಸಿದ್ದು ಕೈಗೆಟುಕದ ರನ್‌ವೇಯ ಆಸೆಯನ್ನು ಸಕಾಲದಲ್ಲಿ ಬಿಟ್ಟದ್ದು.

ಫೋರ್ಡ್ ಗುಣಮುಖರಾದರು. ಕೆಲವೇ ತಿಂಗಳಲ್ಲಿ ಮತ್ತೆ ವಿಮಾನ ಹಾರಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ತೆರೆಕಂಡ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಮಕ್ಕಳು ಹಾನ್ ಸೋಲೊನನ್ನು ಮತ್ತೆ ನೋಡಿದರು.

ಮಾಡಿ ನೋಡಿ

ಒಂದು ಹಾಳೆಯಿಂದ ಕಾಗದದ ವಿಮಾನ ಮಾಡಿ. ಮಡಿಕೆ ಹಾಕುವುದು ಮರೆತಿದ್ದರೆ ಅಜ್ಜ ಅಥವಾ ಅಜ್ಜಿಯ ಕೈಗೆ ಕೊಡಿ. ರೆಕ್ಕೆಗಳ ಹಿಂದಿನ ಅಂಚನ್ನು ತುಸು ಮೇಲಕ್ಕೆ ಬಾಗಿಸಿ ಮೆಲ್ಲಗೆ ಹಾರಿಬಿಡಿ. ಅದು ಮೂಗು ಎತ್ತಿ, ಒಂದು ಕ್ಷಣ ನಿಂತಂತಾಗಿ, ತಟಕ್ಕನೆ ಕೆಳಕ್ಕೆ ಬಿದ್ದರೆ ನೀವು ಸ್ಟಾಲ್ ನೋಡಿದಿರಿ ಎಂದರ್ಥ.

ಈಗ ಮೂಗಿಗೆ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿ, ಅದೇ ಎತ್ತರದಿಂದ ಅಷ್ಟೇ ಮೆಲ್ಲಗೆ ಬಿಡಿ. ಮೂಗು ಸ್ವಲ್ಪ ಬಾಗಿಸಿಕೊಂಡು ಅದು ದೂರಕ್ಕೆ ತೇಲಿ ಹೋಗುತ್ತದೆ. ಮೂರು ನಾಲ್ಕು ಕ್ಲಿಪ್ ಹಾಕಿ ಬಿಟ್ಟರೆ ಮೂಗು ಕುಕ್ಕಿಕೊಂಡು ನೆಲಕ್ಕೆ ಇಳಿಯುತ್ತದೆ. ಬಿಟ್ಟ ಎತ್ತರವನ್ನೂ ಸಾಗಿದ ದೂರವನ್ನೂ ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ನಿಮ್ಮ ವಿಮಾನ ಒಂದು ಅಡಿ ಇಳಿಯಲು ಎಷ್ಟು ಅಡಿ ಮುಂದಕ್ಕೆ ಹೋಯಿತು? ಸೆಸ್ನಾದ ಲೆಕ್ಕ ಒಂಬತ್ತು. ಮನೆಮಂದಿಯಲ್ಲಿ ಯಾರ ವಿಮಾನ ಅದರ ಹತ್ತಿರ ಬರುತ್ತದೋ ನೋಡೋಣ.